ಹಡಗಿನಲ್ಲಿ ಟ್ಯಾಬ್ಲೆಟ್, ಮನೆಯಲ್ಲಿ ಅಮ್ಮಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ - ಈ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಸಮುದ್ರ ಬಲು ದೂರದ ಸಂಗತಿ. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಈ ಐದೂ ತಾಲೂಕುಗಳು ಅದರೊಳಗೆ ಬಂದವು. ಬಿಸಿಲು, ಮಳೆಗೆ ಕಾಯುವ ಹೊಲ, ಹುಣಸೆಮರ, ಇವು ನಮ್ಮ ನಿತ್ಯದ ನೋಟ. ಸಮುದ್ರ ಎಂಬ ಹೆಸರು ನಮ್ಮಲ್ಲಿ ಇರುವುದು ಹಗರಿಬೊಮ್ಮನಹಳ್ಳಿ ಹತ್ತಿರದ ಅಂಕಸಮುದ್ರದ ಕೆರೆಗೆ. ಅಲ್ಲಿಗೆ ಬರುವ ಹಕ್ಕಿಗಳಿಂದಾಗಿ ಆ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಇನ್ನು ಹಡಗಿನ ಹೆಸರು ಉಳಿದಿರುವುದು ಹೂವಿನಹಡಗಲಿಯಲ್ಲಿ. ವಿಜಯನಗರದ ಕಾಲದಲ್ಲಿ ಇಲ್ಲಿಂದ ತುಂಗಭದ್ರೆಯ ಮೇಲೆ ಹಡಗುಗಳಲ್ಲಿ ಹಂಪಿಗೆ ಹೂ ಹೋಗುತ್ತಿತ್ತು, ಅದಕ್ಕೇ ಈ ಹೆಸರು ಬಂತು ಎಂದು ಹಿರಿಯರು ಹೇಳುತ್ತಾರೆ. ಹಡಗಲಿ ಮಲ್ಲಿಗೆ ಇಂದಿಗೂ ಪ್ರಸಿದ್ಧ. ಹಡಗು ಕಂಡವರು ಮಾತ್ರ ಯಾರೂ ಇಲ್ಲ.

ಹೀಗಿರುವಾಗ 2024ರ ದಸರಾ ರಜೆಯಲ್ಲಿ ನಾವು ನಾಲ್ವರು, ನಮ್ಮವರು, ನಾನು, ಪಿಯುಸಿ ಓದುವ ಮಗ ಮತ್ತು ಏಳನೆಯ ತರಗತಿಯ ಮಗಳು, ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಐದು ದಿನಗಳ ಹಡಗು ಯಾತ್ರೆ ಹೊರಟೆವು ಎಂದರೆ ಓಣಿಯಲ್ಲಿ ಅದೊಂದು ಸುದ್ದಿಯೇ ಆಯಿತು. ಹಗಲು ದ್ವೀಪ ನೋಡುವುದು, ರಾತ್ರಿ ಹಡಗಿನಲ್ಲೇ ಮಲಗುವುದು, ಇದು ಆ ಯಾತ್ರೆಯ ಕ್ರಮ. ಸಹೋದ್ಯೋಗಿ ಶಿಕ್ಷಕಿಯರು ಕೇಳಿದ್ದು ವಾಂತಿ ಆಗುತ್ತದೆಯೇ, ಊಟ ಹೇಗೆ ಎಂದು. ಕೊಟ್ಟೂರಿನಲ್ಲಿ ತಮ್ಮನ ಮನೆಯಲ್ಲಿರುವ ನನ್ನ ಅಮ್ಮಿ ಕೇಳಿದ್ದು ಒಂದೇ ಪ್ರಶ್ನೆ. "ಹಡಗಿನಾಗ ಫೋನ್ ಹತ್ತತೈತೇನು?"

ಅಮ್ಮಿಗೆ ಎಪ್ಪತ್ತು ದಾಟಿದೆ. ಬಿಪಿ, ಸಕ್ಕರೆ ಎರಡೂ ಇವೆ. ಪ್ರತಿ ರಾತ್ರಿ ಇಶಾ ನಮಾಝ್ ಆದ ಮೇಲೆ ನನ್ನ ಫೋನು ಹೋಗಲೇಬೇಕು. ಒಂದು ದಿನ ತಡವಾದರೆ ತಮ್ಮನನ್ನು ಎಬ್ಬಿಸುತ್ತಾರೆ, ಎರಡು ದಿನವಾದರೆ ಬಸ್ಸು ಹತ್ತುತ್ತಾರೆ. ಇಂಥವರಿಗೆ "ಸಮುದ್ರದಲ್ಲಿ ನೆಟ್‌ವರ್ಕ್ ಇರುವುದಿಲ್ಲ" ಎಂದು ಒಂದು ಮಾತಿನಲ್ಲಿ ಹೇಳಿ ಹೊರಟುಬಿಡಲು ಸಾಧ್ಯವೇ? ಮಗ ಸಮಾಧಾನ ಹೇಳಿದ. "ಟ್ಯಾಬ್ಲೆಟ್ ಇದೆಯಲ್ಲ ಅಮ್ಮಿ, ಅದರಲ್ಲಿ ಆನ್‌ಲೈನ್ ಬರೋಣ." ಅವನ ಆ ಮಾತಿನಿಂದಲೇ ನಾನು ಈ ವಿಷಯವನ್ನು ಕೂತು ತಿಳಿದುಕೊಳ್ಳಬೇಕಾಯಿತು. ಈಗ ಸಮುದ್ರಯಾನಕ್ಕೆ ಹೊರಡುವ ಕುಟುಂಬಗಳು ಹೆಚ್ಚುತ್ತಿರುವುದರಿಂದ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು ಇಷ್ಟು. ಟ್ಯಾಬ್ಲೆಟ್ ಆಗಲಿ, ಫೋನ್ ಆಗಲಿ, ಓದಲಿಕ್ಕೆಂದೇ ಬರುವ ಇ-ರೀಡರ್ ಆಗಲಿ, ತಾನಾಗಿ ಇಂಟರ್ನೆಟ್ ಹುಟ್ಟಿಸುವುದಿಲ್ಲ. ಅದು ದಡದ ಟವರನ್ನು ಹಿಡಿಯಬೇಕು, ಇಲ್ಲವೇ ಹತ್ತಿರದ ವೈಫೈ ಹಿಡಿಯಬೇಕು. ಭೂಮಿ ದುಂಡಗಿದೆ. ಐವತ್ತು ಮೀಟರ್ ಎತ್ತರದ ಟವರಿಗೂ ಸುಮಾರು 25 ಕಿಲೋಮೀಟರ್ ಆಚೆಗೆ ಸಮುದ್ರದ ಮಟ್ಟ ಮರೆಯಾಗುತ್ತದೆ. ಕೊಚ್ಚಿಯಿಂದ ಕಲ್ಪೇನಿಗೆ 287 ಕಿ.ಮೀ., ಮಿನಿಕಾಯ್‌ಗೆ 398, ಕವರತ್ತಿಗೆ 404. ಅಂದರೆ ದಾರಿಯ ಬಹುಪಾಲು ಯಾವ ಟವರಿನ ಕಣ್ಣಿಗೂ ಬೀಳದ ನೀರು.

ಹಾಗಾದರೆ ದೊಡ್ಡ ದೊಡ್ಡ ಪ್ರವಾಸಿ ಹಡಗುಗಳಲ್ಲಿ ಜನ ಫೋಟೋ ಹಾಕುತ್ತಾರಲ್ಲ, ಅದು ಹೇಗೆ? ಹಡಗಿನ ಮೇಲೊಂದು ಡಿಶ್ ಇರುತ್ತದೆ. ಅದು ಆಕಾಶದ ಉಪಗ್ರಹದೊಂದಿಗೆ ಮಾತಾಡುತ್ತದೆ. ಹಡಗಿನೊಳಗೆ ಅದನ್ನೇ ವೈಫೈ ಮಾಡಿ ಪ್ರಯಾಣಿಕರಿಗೆ ಹಣಕ್ಕೆ ಕೊಡುತ್ತಾರೆ. ಹಳೆಯ ಪದ್ಧತಿಯ ಉಪಗ್ರಹ 36,000 ಕಿ.ಮೀ. ಎತ್ತರದಲ್ಲಿರುವುದರಿಂದ ಮಾತು ಹೋಗಿ ಬರಲು ಅರ್ಧ ಸೆಕೆಂಡಿಗೂ ಹೆಚ್ಚು ತಗಲುತ್ತದೆ. ಸುಮಾರು 550 ಕಿ.ಮೀ. ಎತ್ತರದ ಹೊಸ ಉಪಗ್ರಹಗಳನ್ನು 2022ರಿಂದ ವಿದೇಶದ ದೊಡ್ಡ ಪ್ರವಾಸಿ ಹಡಗುಗಳು ಬಳಸತೊಡಗಿದ ಮೇಲೆ ವೇಗ ಬಹಳ ಹೆಚ್ಚಿತು. ನಮ್ಮ ದೇಶದಲ್ಲಿ ವಿಮಾನ ಮತ್ತು ಹಡಗುಗಳೊಳಗೆ ಇಂಥ ಸಂಪರ್ಕ ಕೊಡುವುದಕ್ಕೆ ನಿಯಮ ಬಂದದ್ದು 2018ರ ಡಿಸೆಂಬರಿನಲ್ಲಿ.

ನನ್ನ ನಾದಿನಿಯ ಮನೆಯವರು ಅಂಥದೊಂದು ದೊಡ್ಡ ಹಡಗಿನಲ್ಲಿ ಮುಂಬಯಿಯಿಂದ ಹೋಗಿ ಬಂದಿದ್ದರು. ಹೊರಡುವ ಮೊದಲು ಅವಳ ಬಳಿ ಕೇಳಿದೆ. ಒಂದು ಪ್ಯಾಕೇಜಿಗೆ ಒಂದೇ ಸಾಧನ ಎಂಬ ಲೆಕ್ಕವಂತೆ. ನಾಲ್ಕು ಜನರಿಗೆ ನಾಲ್ಕು ಕೊಳ್ಳುವ ಬದಲು ಟ್ಯಾಬ್ಲೆಟ್‌ಗೆ ಒಂದು ಕೊಂಡು, ಒಬ್ಬರ ಕೆಲಸ ಮುಗಿದ ಮೇಲೆ ಇನ್ನೊಬ್ಬರು ಅದನ್ನೇ ಬಳಸಿದರಂತೆ. ಜಾಣತನವೇ. ಆದರೆ ಮೊದಲ ದಿನವೇ ಡೇಟಾ ಮುಗಿದದ್ದು ಹೇಗೆಂದು ಯಾರಿಗೂ ತಿಳಿಯಲಿಲ್ಲ. ಆಮೇಲೆ ನೋಡಿದರೆ, ಟ್ಯಾಬ್ಲೆಟ್ ತಾನೇ ಫೋಟೋಗಳನ್ನೆಲ್ಲ ಬ್ಯಾಕಪ್‌ಗೆ ಕಳಿಸುತ್ತಾ, ಆ್ಯಪ್‌ಗಳನ್ನು ಅಪ್‌ಡೇಟ್ ಮಾಡುತ್ತಾ ಕೂತಿತ್ತು! ಆದ್ದರಿಂದ ದಡ ಬಿಡುವ ಮೊದಲೇ ಸೆಟ್ಟಿಂಗ್ಸ್‌ಗೆ ಹೋಗಿ ಇವೆರಡನ್ನೂ ನಿಲ್ಲಿಸಬೇಕು. ವಾಟ್ಸಾಪ್‌ನಲ್ಲಿ ಫೋಟೋ, ವೀಡಿಯೋ ತಾವಾಗಿ ಇಳಿಯುವುದನ್ನೂ ನಿಲ್ಲಿಸಬೇಕು. ಬರೀ ಅಕ್ಷರದ ಸಂದೇಶಕ್ಕೆ ಖರ್ಚಾಗುವುದು ಅತ್ಯಲ್ಪ.

ಇನ್ನೊಂದು ಎಚ್ಚರಿಕೆ ಇದಕ್ಕಿಂತ ಮುಖ್ಯ. ಕೆಲವು ಹಡಗುಗಳಲ್ಲಿ ವೈಫೈ ಅಲ್ಲದೆ ಹಡಗಿನದೇ ಒಂದು ಸಣ್ಣ ಮೊಬೈಲ್ ಟವರ್ ಇರುತ್ತದೆ. ಪರದೆಯ ಮೇಲೆ ಕಡ್ಡಿಗಳು ಮೂಡಿದವೆಂದು ಖುಷಿಪಟ್ಟರೆ ಅದು ನಮ್ಮ ಕಂಪನಿಯ ಟವರ್ ಆಗಿರುವುದಿಲ್ಲ. ಅದರ ದರ ವಿದೇಶದ ರೋಮಿಂಗ್‌ಗಿಂತಲೂ ದುಬಾರಿ, ಮಾಮೂಲಿ ವಿದೇಶ ಪ್ಯಾಕುಗಳು ಅದಕ್ಕೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಪೋಸ್ಟ್‌ಪೇಯ್ಡ್ ಸಿಮ್ಮಿನಲ್ಲಿ ವಿದೇಶಿ ರೋಮಿಂಗ್ ಚಾಲೂ ಇಟ್ಟುಕೊಂಡವರು, ಅದರಲ್ಲೂ ಗಲ್ಫ್‌ನಿಂದ ರಜೆಗೆ ಬಂದವರು, ಇದನ್ನು ಗಮನಿಸಬೇಕು. ಉಪಾಯ ಸರಳ. ಹಡಗು ಹತ್ತಿದೊಡನೆ ಫ್ಲೈಟ್ ಮೋಡ್ ಹಾಕಿ, ಆಮೇಲೆ ಬೇಕಿದ್ದರೆ ವೈಫೈ ಒಂದನ್ನು ಮಾತ್ರ ಚಾಲೂ ಮಾಡಿ.

ನಾವು ಹೊರಟಿದ್ದು ಸಾಧಾರಣ ಹಡಗು. ದಾರಿಯಲ್ಲಿ ಇಂಟರ್ನೆಟ್ ಇಲ್ಲ ಎಂದೇ ತಿಳಿದು ಸಿದ್ಧರಾದೆವು. ಈ ಸಿದ್ಧತೆಯೇ ನಮ್ಮ ಪ್ರಯಾಣದ ಅರ್ಧ ಕೆಲಸ. ಮನೆಯ ವೈಫೈಯಲ್ಲಿ ಕೂತು ಟ್ಯಾಬ್ಲೆಟ್‌ಗೆ ಕುರ್‌ಆನ್ ಮತ್ತು ಅದರ ಕನ್ನಡ ಅನುವಾದ, ನಮಾಝಿನ ವೇಳೆಯ ಆ್ಯಪ್, ಕೇರಳ ಕರಾವಳಿಯಿಂದ ದ್ವೀಪಗಳವರೆಗಿನ ನಕ್ಷೆ, ಮಗಳಿಗೆ ಕಥೆ ಪುಸ್ತಕ, ಮಗನಿಗೆ ಪಾಠದ ವೀಡಿಯೋ, ಟಿಕೆಟ್, ಪರವಾನಗಿ ಮತ್ತು ಆಧಾರ್ ಪ್ರತಿಗಳು, ಅಷ್ಟನ್ನೂ ಇಳಿಸಿಕೊಂಡೆವು. ಇಳಿಸಿದರೆ ಸಾಲದು, ಫ್ಲೈಟ್ ಮೋಡ್ ಹಾಕಿ ಒಂದೊಂದನ್ನೇ ತೆರೆದು ನೋಡಬೇಕು. ನಮ್ಮ ನಾಲ್ಕು ಪುಸ್ತಕಗಳಲ್ಲಿ ಒಂದು ತೆರೆಯಲಿಲ್ಲ, ಬರೀ ಮುಖಪುಟ ಇಳಿದಿತ್ತು.

ಇ-ರೀಡರ್ ಕೊಳ್ಳಲೇ ಎಂದು ಕೇಳುವವರಿದ್ದಾರೆ. ಬಿಸಿಲಿನಲ್ಲಿ ಡೆಕ್ ಮೇಲೆ ಕೂತು ಓದಲು ಅದರಷ್ಟು ಹಿತವಾದದ್ದು ಇನ್ನೊಂದಿಲ್ಲ, ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುತ್ತದೆ. ಆದರೆ ಆನ್‌ಲೈನ್ ಆಗಲು ಅದು ಸೋಮಾರಿ. ಹಡಗಿನ ವೈಫೈಗೆ ಸೇರಬೇಕಾದರೆ ಒಂದು ಪುಟ ತೆರೆದು ಹೆಸರು, ಕೊಠಡಿ ಸಂಖ್ಯೆ ಹಾಕಬೇಕು. ಇ-ರೀಡರ್‌ನ ಬಡ ಬ್ರೌಸರ್ ಅಲ್ಲಿಯೇ ಮುಗ್ಗರಿಸುತ್ತದೆ. ಕನ್ನಡದ ಓದುಗರಿಗೆ ಇನ್ನೂ ಒಂದು ಕೊರತೆ. 2016ರಲ್ಲಿ ಕಿಂಡಲ್‌ಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳು ಬಂದಾಗ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಕನ್ನಡದ ಇ-ಪುಸ್ತಕಗಳು ಹೆಚ್ಚಾಗಿ ಆ್ಯಪ್‌ಗಳಲ್ಲಿ ಸಿಗುತ್ತವೆ, 2020ರಲ್ಲಿ ಶುರುವಾದ ಮೈಲ್ಯಾಂಗ್ ಅಂಥದೊಂದು. ಅದಕ್ಕೆ ಟ್ಯಾಬ್ಲೆಟ್ಟೇ ಬೇಕು. ನನ್ನ ಮಾತು ಕೇಳುವುದಾದರೆ, ಮನೆಯಲ್ಲಿರುವ ಟ್ಯಾಬ್ಲೆಟ್ ಸಾಕು.

ಟ್ಯಾಬ್ಲೆಟ್ ತಯಾರಾಯಿತು, ಅಮ್ಮಿ ತಯಾರಾಗಬೇಕಲ್ಲ? ಹೊರಡುವ ಮುನ್ನಾದಿನ ಕೊಟ್ಟೂರಿಗೆ ಹೋಗಿ ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದೆ. ಯಾವ ದಿನ ಯಾವ ದ್ವೀಪ, ಅಲ್ಲಿ ಇಳಿದ ಮೇಲೆ ಸುಮಾರು ಎಷ್ಟು ಗಂಟೆಗೆ ಫೋನು, ಯಾವ ಯಾವ ರಾತ್ರಿ ಫೋನು ಬರುವುದಿಲ್ಲ. ತೀರಾ ತುರ್ತು ಇದ್ದರೆ ಎಂದು ಪ್ರವಾಸ ಕಚೇರಿಯ ನಂಬರನ್ನು ತಮ್ಮನಿಗೆ ಕೊಟ್ಟೆ. ಹಾಳೆಯನ್ನು ಅಡುಗೆಮನೆಯ ಕ್ಯಾಲೆಂಡರ್ ಪಕ್ಕ ಅಂಟಿಸಿದೆವು. ಅಮ್ಮಿ ಅದನ್ನು ಎರಡು ಸಲ ಓದಿದರು. "ಸರಿ" ಎಂದರು. ಅವರ ಮುಖ ಮಾತ್ರ ಸರಿ ಇರಲಿಲ್ಲ.

ಕೊಟ್ಟೂರಿನಿಂದ ಬಸ್ಸಿನಲ್ಲಿ ಬೆಂಗಳೂರು, ಅಲ್ಲಿಂದ ರೈಲಿನಲ್ಲಿ ಎರ್ನಾಕುಲಂ, ಆಮೇಲೆ ವಿಲ್ಲಿಂಗ್ಡನ್ ದ್ವೀಪದ ಹಡಗುಕಟ್ಟೆ. ಕಾಯುವ ಕೋಣೆಯಲ್ಲಿ ಪ್ರವಾಸಿಗರಿಗಿಂತ ದ್ವೀಪದವರೇ ಹೆಚ್ಚು. ಕೊಚ್ಚಿಯ ಆಸ್ಪತ್ರೆಗಳಿಗೆ ಬಂದು ಹಿಂತಿರುಗುವವರು, ಕಾಲೇಜು ಮಕ್ಕಳು, ಅಕ್ಕಿ ಬೇಳೆಯ ಗಂಟು ಹೊತ್ತವರು. ನಮ್ಮ ಪಕ್ಕ ಮಿನಿಕಾಯ್‌ನ ಒಬ್ಬ ಹಿರಿಯ ಹೆಂಗಸು ಮೊಮ್ಮಗನೊಂದಿಗೆ ಕೂತಿದ್ದರು. ಅವರ ಮನೆಮಾತು ಮಹಲ್, ಮಾಲ್ಡೀವ್ಸ್‌ನ ಭಾಷೆಗೆ ಹತ್ತಿರದ್ದು. ಹಿಂದಿ ಬಲ್ಲರು, ನನ್ನ ಉರ್ದು ಅದಕ್ಕೆ ಹೊಂದಿಕೊಂಡಿತು. ಮಿನಿಕಾಯ್‌ನ ಗಂಡಸರು ತಲೆಮಾರುಗಳಿಂದ ಲೋಕದ ನಾನಾ ಕಡೆಯ ಹಡಗುಗಳಲ್ಲಿ ದುಡಿಯುವವರು. ಇವರ ಯಜಮಾನರೂ ಹಾಗೆಯೇ. ಬಂದರಿನಿಂದ ಬಂದರಿಗೆ ಒಂದು ಪತ್ರ, ನಡುವೆ ತಿಂಗಳುಗಟ್ಟಲೆ ಏನೂ ಇಲ್ಲ. ಅಮ್ಮಿಯ ಹಾಳೆಯ ವಿಷಯ ಹೇಳಿದಾಗ ಅವರು ನಕ್ಕು ಕೇಳಿದರು. "ಗಂಟೆ ಬರೆದಿದ್ದೀಯಾ ಬೇಟಿ? ಗಂಟೆ ಬರೆಯಬಾರದು. ಸಮುದ್ರ ಬಸ್ಸಲ್ಲ. ಗಾಳಿ ಇದ್ದರೆ ದೋಣಿ ಇಳಿಸುವುದಿಲ್ಲ. ಮಗ್ರಿಬ್ ತನಕ ತಡವಾಗಬಹುದು ಎಂದು ಬರೆಸು." ನಾನು ಅಲ್ಲಿಂದಲೇ ತಮ್ಮನಿಗೆ ಫೋನು ಮಾಡಿ ಹಾಳೆಯ ಕೆಳಗೆ ಆ ಸಾಲನ್ನು ಬರೆಸಿದೆ.

ಹಡಗು ಕೊಚ್ಚಿಯ ಕಾಲುವೆ ದಾಟಿ ತೆರೆದ ನೀರಿಗೆ ಬಂದಾಗ ಕಂಬಿಗೆ ಒರಗಿ ನಿಂತವರೆಲ್ಲ ಫೋನನ್ನು ಮೇಲೆತ್ತಿ ಹಿಡಿದಿದ್ದರು. ನಾಲ್ಕು ಕಡ್ಡಿ ಎರಡಾಯಿತು, ಒಂದಾಯಿತು. ಒಬ್ಬರು "ಹಲೋ, ಹಲೋ" ಎನ್ನುತ್ತಲೇ ಇದ್ದರು. ಅಮ್ಮಿಗೆ ಕೊನೆಯ ಸಲಾಂ ಹೇಳಿ ಮುಗಿಸಿದ್ದೆ. ಸ್ವಲ್ಪ ಹೊತ್ತಿಗೆ ಎಲ್ಲರ ಕೈಗಳೂ ಕೆಳಗಿಳಿದವು. ಆಮೇಲೆ ಒಂದು ವಿಚಿತ್ರ ನಡೆಯಿತು. ಜನ ಒಬ್ಬರನ್ನೊಬ್ಬರು ಮಾತನಾಡಿಸತೊಡಗಿದರು.

ನೆಟ್‌ವರ್ಕ್ ಹೋದರೂ ಟ್ಯಾಬ್ಲೆಟ್ ಪೂರ್ತಿ ಕುರುಡಾಗುವುದಿಲ್ಲ ಎಂಬುದು ಮಕ್ಕಳಿಗೆ ದೊಡ್ಡ ಬೆರಗು. ಜಿಪಿಎಸ್‌ಗೆ ಇಂಟರ್ನೆಟ್ ಬೇಡ, ಅದು ಉಪಗ್ರಹದ ಸಂಕೇತವನ್ನು ನೇರವಾಗಿ ಹಿಡಿಯುತ್ತದೆ. ಡೆಕ್ ಮೇಲೆ ಬಯಲಿನಲ್ಲಿ ಹಿಡಿದರೆ ನೀಲಿ ನಕ್ಷೆಯ ಮೇಲೆ ನಾವೊಂದು ಚುಕ್ಕೆ. ಕೋಣೆಯೊಳಗೆ ಬಂದರೆ ಚುಕ್ಕೆ ಮಾಯ. ನಮ್ಮದು ಸಿಮ್ ಹಾಕುವ ಟ್ಯಾಬ್ಲೆಟ್. ವೈಫೈ ಮಾತ್ರ ಇರುವ ಕೆಲವು ಟ್ಯಾಬ್ಲೆಟ್‌ಗಳಲ್ಲಿ ಜಿಪಿಎಸ್ ಇರುವುದೇ ಇಲ್ಲ, ಕೊಳ್ಳುವಾಗ ಕೇಳಿಕೊಳ್ಳಿ. ನಮಾಝಿನ ವೇಳೆಯೂ ಹೀಗೆಯೇ ಸಿಕ್ಕಿತು.

ಕಿಬ್ಲಾದ ವಿಷಯದಲ್ಲಿ ಮಾತ್ರ ಆ್ಯಪ್‌ನ ಮುಳ್ಳನ್ನು ಕಣ್ಣುಮುಚ್ಚಿ ನಂಬಬೇಡಿ. ಅದು ಅಯಸ್ಕಾಂತದ ದಿಕ್ಸೂಚಿ, ಹಡಗಿನ ಸುತ್ತಲೂ ಉಕ್ಕು. ಮಗ ಮೂರು ಕಡೆ ನಿಂತು ನೋಡಿದ, ಮುಳ್ಳು ಮೂರು ದಿಕ್ಕು ತೋರಿಸಿತು. ನಮ್ಮ ಕೊಟ್ಟೂರಿನಿಂದ ಕಿಬ್ಲಾ ಪಶ್ಚಿಮದಿಂದ ಸುಮಾರು 16 ಡಿಗ್ರಿ ಉತ್ತರಕ್ಕೆ ಇದ್ದರೆ, ಕವರತ್ತಿಯ ಹತ್ತಿರ ಸುಮಾರು 23 ಡಿಗ್ರಿ. ಹಡಗಿನ ಸಿಬ್ಬಂದಿಯನ್ನು ಕೇಳಿದರೆ ಹಡಗಿನ ಮೂತಿ ಯಾವ ದಿಕ್ಕಿಗಿದೆ ಎಂದು ಸರಿಯಾಗಿ ಹೇಳುತ್ತಾರೆ, ಅದರ ಮೇಲೆ ಲೆಕ್ಕ ಹಾಕಬಹುದು. ತೂಗಾಟದಿಂದ ನಿಲ್ಲಲಾಗದಿದ್ದರೆ ಕುಳಿತು ಮಾಡುವ ಅವಕಾಶ ಇದ್ದೇ ಇದೆ.

ಆ ರಾತ್ರಿ ಇಶಾ ಆದ ಮೇಲೆ ಕೈ ತಾನಾಗಿ ಫೋನಿಗೆ ಹೋಯಿತು. ಅಬ್ಬಾ ನೆನಪಾದರು. ನಾನು ಚಿಕ್ಕವಳಿದ್ದಾಗ ಅವರು ಮುಂಬಯಿಯಿಂದ ಹಡಗಿನಲ್ಲಿ ಹಜ್ಜಿಗೆ ಹೋದವರು. ಆಗ ಜಿದ್ದಾ ಮುಟ್ಟಲು ಒಂದು ವಾರ. 1995ರಲ್ಲಿ ಆ ಹಡಗುಗಳು ನಿಂತವು. ಅಬ್ಬಾ ಹೋದ ಮೇಲೆ ಅಮ್ಮಿ ದಿನಕ್ಕೊಂದು ಹುಣಸೆ ಬೀಜವನ್ನು ಡಬ್ಬಿಗೆ ಹಾಕಿ ಎಣಿಸುತ್ತಿದ್ದರು. ಮೊದಲ ಪತ್ರ ಬರುವ ಹೊತ್ತಿಗೆ ಡಬ್ಬಿಯಲ್ಲಿ ಮೂವತ್ತಕ್ಕೂ ಹೆಚ್ಚು ಬೀಜಗಳಿದ್ದವಂತೆ. ಆ ಮೂವತ್ತು ದಿನ ತಡೆದುಕೊಂಡ ಅದೇ ಹೆಂಗಸು ಇಂದು ಮೂರು ಗಂಟೆ ತಡೆಯಲಾರರು. ಇದು ಅಮ್ಮಿಯ ವಯಸ್ಸಿನ ದೋಷ ಎಂದು ನನಗನ್ನಿಸುವುದಿಲ್ಲ. ಆಗ ಸುದ್ದಿ ಬಾರದಿರುವುದೇ ರೂಢಿ, ಈಗ ಬಾರದಿದ್ದರೆ ಏನೋ ಆಗಿದೆ ಎಂದೇ ಅರ್ಥ.

ಸಮುದ್ರದ ಮೌನದ ಮಾತು ಬಂದಾಗ ಇಬ್ನ್ ಬತೂತರನ್ನು ಬಿಡಲಾಗದು. ಕ್ರಿ.ಶ. 1340ರ ದಶಕದಲ್ಲಿ ಅವರು ನಮ್ಮ ಹೊನ್ನಾವರಕ್ಕೆ ಬಂದಿದ್ದರು. ಅಲ್ಲಿಯ ಹೆಂಗಸರು ಕುರ್‌ಆನ್ ಕಂಠಪಾಠ ಬಲ್ಲವರೆಂದೂ, ಹೆಣ್ಣುಮಕ್ಕಳಿಗೆ 13 ಮತ್ತು ಗಂಡುಮಕ್ಕಳಿಗೆ 23 ಶಾಲೆಗಳಿದ್ದವೆಂದೂ ಬರೆದಿಟ್ಟಿದ್ದಾರೆ. (ನಮ್ಮ ಮದ್ರಸಾದ ಹುಡುಗಿಯರಿಗೆ ನಾನು ಇದನ್ನು ಪ್ರತಿ ವರ್ಷ ಹೇಳುತ್ತೇನೆ.) ಮುಂದೆ ಕಲ್ಲಿಕೋಟೆಯಲ್ಲಿ ಅವರು ಜುಮಾ ನಮಾಝಿಗೆಂದು ದಡದಲ್ಲಿ ಉಳಿದರು. ಬಿರುಗಾಳಿ ಎದ್ದು ಒಂದು ಹಡಗು ಒಡೆಯಿತು, ಅವರ ಸಾಮಾನು ಮತ್ತು ಜನರಿದ್ದ ಇನ್ನೊಂದು ಅವರನ್ನು ಬಿಟ್ಟೇ ಹೋಯಿತು. ಅದು ಕೊಲ್ಲಂಗೆ ಬಂದೀತೆಂದು ಅಲ್ಲಿ ಹೋಗಿ ಕಾದರು, ಬರಲಿಲ್ಲ. ಅದಕ್ಕೇನಾಯಿತು ಎಂಬುದು ಅವರಿಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ.

ಬೆಳಿಗ್ಗೆ ಕಲ್ಪೇನಿ ಕಂಡಿತು. ಹಾಳೆಯಲ್ಲಿ ಹತ್ತು ಗಂಟೆಗೆ ಫೋನು ಎಂದಿತ್ತು. ದ್ವೀಪ ಕಣ್ಣೆದುರಿಗಿದೆ, ತೆಂಗಿನ ಮರ ಎಣಿಸಬಹುದು, ಗಾಳಿ ಮಾತ್ರ ಬಿಡುತ್ತಿಲ್ಲ. ದೊಡ್ಡ ಹಡಗು ಆಳದ ನೀರಿನಲ್ಲೇ ನಿಲ್ಲುತ್ತದೆ, ಸಣ್ಣ ದೋಣಿಯಲ್ಲಿ ಇಳಿದು ದಡ ಸೇರಬೇಕು. ಅಲೆ ತಗ್ಗಲೆಂದು ಕಾದೆವು. ಹನ್ನೊಂದಾಯಿತು, ಹನ್ನೆರಡಾಯಿತು. ಫೋನಿನಲ್ಲಿ ಕಡ್ಡಿ ಮೂಡುತ್ತದೆ, ಅಳಿಯುತ್ತದೆ. ನನ್ನ ಕಣ್ಣ ಮುಂದೆ ಅಡುಗೆಮನೆಯ ಕ್ಯಾಲೆಂಡರ್. ಬಿಪಿ ಮಾತ್ರೆ ತೆಗೆದುಕೊಂಡರೋ ಇಲ್ಲವೋ. ನಮ್ಮವರು ಟ್ಯಾಬ್ಲೆಟ್‌ನಲ್ಲಿ "ನಾವು ಕ್ಷೇಮ, ಗಾಳಿಯಿಂದ ತಡ" ಎಂದು ಬರೆದು ಕಳಿಸಿಬಿಟ್ಟರು. ಅದು ಹೋಗದೆ ಗಡಿಯಾರದ ಗುರುತು ತೋರಿಸುತ್ತಾ ನಿಂತಿತು. ಆದರೆ ಇಲ್ಲೊಂದು ಅನುಕೂಲವಿದೆ. ಸಂದೇಶ ಸಾಲಿನಲ್ಲಿ ಕಾಯುತ್ತಿರುತ್ತದೆ, ಒಂದು ಕ್ಷಣ ನೆಟ್‌ವರ್ಕ್ ಸಿಕ್ಕರೂ ತಾನೇ ಹೊರಟುಬಿಡುತ್ತದೆ. ಫೋನು ಕರೆಗೆ ಆ ಗುಣವಿಲ್ಲ. ಎರಡು ಗಂಟೆಯ ಸುಮಾರಿಗೆ ದೋಣಿಯಲ್ಲಿ ಇಳಿಯುತ್ತಿದ್ದಾಗ, ಪ್ಲಾಸ್ಟಿಕ್ ಚೀಲದೊಳಗಿದ್ದ ಟ್ಯಾಬ್ಲೆಟ್ ಟಿಣ್ ಎಂದಿತು. ಸಂದೇಶ ಹೋಗಿತ್ತು, ತಮ್ಮನ ಉತ್ತರವೂ ಬಂದಿತ್ತು.

ದಡ ಮುಟ್ಟಿ ಫೋನು ಮಾಡಿದರೆ ಅಮ್ಮಿಯ ದನಿ ತಣ್ಣಗಿತ್ತು. ಹನ್ನೊಂದಕ್ಕೆ ತಮ್ಮನನ್ನು ಕರೆದರಂತೆ, "ಕಾಗದದಾಗ ಕೊನೀಗೆ ಏನ್ ಬರದೈತೆ ಓದು" ಎಂದರಂತೆ. ಮಗ್ರಿಬ್ ತನಕ ತಡವಾಗಬಹುದು ಎಂದು ಅವನು ಓದಿದ. "ಹಂಗಾರೆ ಇನ್ನೂ ಟೈಮ್ ಐತೆ" ಎಂದು ಊಟ ಮಾಡಿ ಮಲಗಿದರಂತೆ. ಮಿನಿಕಾಯ್‌ನ ಆ ತಾಯಿಗೆ ಅಲ್ಲಾಹನು ಒಳ್ಳೆಯದು ಮಾಡಲಿ.

ದ್ವೀಪಗಳಲ್ಲಿ ನೆಟ್‌ವರ್ಕ್ ಚೆನ್ನಾಗಿಯೇ ಸಿಕ್ಕಿತು. ಮೊದಲು ಇಲ್ಲಿಯೂ ಉಪಗ್ರಹವೇ ಗತಿಯಾಗಿತ್ತು. ಕೊಚ್ಚಿಯಿಂದ ಸಮುದ್ರದ ತಳದಲ್ಲಿ ಸುಮಾರು 1,870 ಕಿ.ಮೀ. ಉದ್ದದ ಕೇಬಲ್ ಎಳೆದು 11 ದ್ವೀಪಗಳನ್ನು ಜೋಡಿಸಿದ ಯೋಜನೆ 2024ರ ಜನವರಿ 3ರಂದು ಉದ್ಘಾಟನೆಯಾಯಿತು. ಕಲ್ಪೇನಿಯ ಬಗ್ಗೆ ಇನ್ನೊಂದು ಮಾತು ನಮ್ಮ ಸಹೋದರಿಯರಿಗೆ ತಿಳಿದಿರಲಿ. ಹೆಣ್ಣುಮಕ್ಕಳ ಓದು ಬೇಡವೆನ್ನುತ್ತಿದ್ದ ಕಾಲದಲ್ಲಿ ಲಕ್ಷದ್ವೀಪದ ಹುಡುಗಿಯರು ಮೊದಲು ಶಾಲೆಗೆ ಹೋದದ್ದು ಈ ದ್ವೀಪದಲ್ಲಿ ಎಂದು ಅಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ. ಮಿನಿಕಾಯ್‌ನ 1885ರ ದೀಪಸ್ತಂಭವನ್ನೂ, ಕವರತ್ತಿಯ ಉಜ್ರಾ ಮಸೀದಿಯ ಮರದ ಕೆತ್ತನೆಯನ್ನೂ ನೋಡಿದೆವು. ಅವನ್ನು ಬರೆಯಲು ಬೇರೆಯೇ ಲೇಖನ ಬೇಕು. ಹಿಂದೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1956ರವರೆಗೆ ನಮ್ಮ ಮಂಗಳೂರಿನ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಎಂಬುದು ನನ್ನ ಮಗನಿಗೆ ಹೊಸ ಸುದ್ದಿ.

ಒಂದು ಕಿವಿಮಾತು. ನೆಟ್‌ವರ್ಕ್ ಸಿಕ್ಕಿತೆಂದು ದ್ವೀಪದ ಹೆಂಗಸರ, ಮಕ್ಕಳ ಫೋಟೋ ಕೇಳದೆ ತೆಗೆದು ಸ್ಟೇಟಸ್‌ಗೆ ಹಾಕಬೇಡಿ. ನಮ್ಮ ಅಂಗಳದಲ್ಲಿ ಯಾರಾದರೂ ಹಾಗೆ ಮಾಡಿದರೆ ನಮಗೆ ಹೇಗಿರುತ್ತದೆ? ಇನ್ನು, ಹಡಗಿನ ಅಥವಾ ವಸತಿಗೃಹದ ವೈಫೈಯಲ್ಲಿ ಬ್ಯಾಂಕಿನ ಕೆಲಸ ಮಾಡದಿರುವುದು ಕ್ಷೇಮ.

ಐದನೆಯ ದಿನ ಕೊಚ್ಚಿ ಹತ್ತಿರ ಬರುತ್ತಿದ್ದಂತೆ ಎಲ್ಲರ ಫೋನುಗಳೂ ಒಟ್ಟಿಗೆ ಟಿಣ್ ಟಿಣ್ ಎನ್ನತೊಡಗಿದವು. ನನಗೆ ಬಂದಿದ್ದ ನೂರಾರು ಸಂದೇಶಗಳಲ್ಲಿ ಓದಲೇಬೇಕಾದವು ಮೂರು. ಒಂದು ಶಾಲೆಯದು, ಒಂದು ಗ್ಯಾಸ್ ಸಿಲಿಂಡರಿನದು, ಒಂದು ತಮ್ಮನದು. "ಅಮ್ಮಿ ಚೆನ್ನಾಗಿದ್ದಾರೆ, ಕಾಗದವನ್ನು ಕ್ಯಾಲೆಂಡರಿನಿಂದ ಕೀಳಲು ಬಿಡುತ್ತಿಲ್ಲ."

ಊರಿಗೆ ಬಂದ ಮೇಲೆ ಮಗ ಟ್ಯಾಬ್ಲೆಟ್ ಹಿಡಿದು ಅಜ್ಜಿಗೆ ಹಡಗಿನ ಫೋಟೋಗಳನ್ನು ಒಂದೊಂದಾಗಿ ತೋರಿಸಿದ. ಹವಳದ ಮೀನು, ಬಿಳಿ ಮರಳು ಯಾವುದನ್ನೂ ಅವರು ಬಹಳ ಹೊತ್ತು ನೋಡಲಿಲ್ಲ. ಹಡಗಿನ ಡೆಕ್ ಬಂದಾಗ "ನಿಲ್ಲಿಸು" ಎಂದರು, ಎರಡು ಬೆರಳಿನಿಂದ ದೊಡ್ಡದು ಮಾಡಿಸಿ ಕಂಬಿಯನ್ನೇ ನೋಡಿದರು. "ಈಗ ಜಿದ್ದಾಕ್ಕ ಹಡಗು ಹೋಗತಾವೇನು?" ಎಂದು ನನ್ನನ್ನು ಕೇಳಿದರು. 2018ರಲ್ಲಿ ಸೌದಿಯವರು ಒಪ್ಪಿದ್ದಾರೆಂದು ಸುದ್ದಿ ಬಂದಿತ್ತು, ಹಡಗು ಮಾತ್ರ ಇನ್ನೂ ಹೊರಟಿಲ್ಲ ಎಂದೆ. "ಹೊರಟಾಗ ಹೇಳು" ಎಂದು ಕನ್ನಡಕ ತೆಗೆದಿಟ್ಟು ಅಸರ್ ನಮಾಝಿಗೆ ಎದ್ದರು.